ಕುದುರೆ ಲಾಯದಲ್ಲಿ ನಡೆದ ಆನೆ

ಆನೆ ನಡೆಯಿತು! ನಮ್ಮ ಗುರುವಿನ ಆನೆ ನಡೆಯಿತು! ಒಂದು ಹೆಜ್ಜೆ, ಎರಡು ಹೆಜ್ಜೆ ಅಂತ ಎಣಿಸುತ್ತ ಹನ್ನೊಂದರ ತನಕ ಬಂದೆ, ಆಮೇಲೆ ಕಣ್ಣಲ್ಲಿ ನೀರು ತುಂಬಿ ಎಣಿಕೆ ತಪ್ಪಿತು. ಅದು ತೂಗುತ್ತ ತೂಗುತ್ತ ಹೋಗಿ ಮದುವೆ ಮನೆಯ ಬಾಗಿಲಲ್ಲಿ ನಿಂತು ಸೊಂಡಿಲೆತ್ತಿ ನಮಸ್ಕಾರ ಮಾಡಿತು. ಸಾಹೇಬರೊಬ್ಬರು ಟೋಪಿ ಮೇಲಕ್ಕೆ ಹಾರಿಸಿದರು, ಅದು ತೊಲೆಗೆ ಸಿಕ್ಕು ಅಲ್ಲೇ ಉಳಿಯಿತು. ನಾನೇನು ಮಾಡಿದೆ? ಅರವತ್ತು ದಾಟಿದ ಮುದುಕಿ, ಎದ್ದು ನಿಂತು ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದೆ. ಸಣ್ಣವಳಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತ ಕಲಿತ ಸೀಟಿ. ಐವತ್ತು ವರ್ಷ ಒಳಗೇ ಇತ್ತು ನೋಡಿ, ವಿಲಾಯತಿಯಲ್ಲಿ ಹೊರಬಿತ್ತು.

ಈಗ ಹಿಂದಿನದನ್ನು ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ಯಾವ ಆನೆ, ಯಾರ ಮದುವೆ ಎಂದು ತಿಳಿಯಲಿಕ್ಕಿಲ್ಲ.

ನನ್ನ ಹೆಸರು ನೀಲವ್ವ. ಹಳೇ ಹುಬ್ಬಳ್ಳಿಯವಳು. ಮೂರನೆಯ ಇಯತ್ತೆ ಮುಗಿಯುವುದರೊಳಗೆ ನನ್ನ ಮದುವೆಯಾಯಿತು. ಆದ್ದರಿಂದ ಈ ಬರವಣಿಗೆಯಲ್ಲಿ ಏನಾದರೂ ತಪ್ಪಿದ್ದರೆ ಅದು ಅವಸರ ಮಾಡಿದ ನಮ್ಮ ಮಾವನವರದು. ಸಾಲೆ ಬಿಟ್ಟರೂ ಸೂಜಿ ಬಿಡಲಿಲ್ಲ. ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತ ಬಂದವಳು ನಾನು. ಗೋಪುರ, ತೇರು, ನವಿಲು, ತುಳಸಿಕಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ಆನೆ. ಹುಬ್ಬಳ್ಳಿ, ಧಾರವಾಡದ ಎಷ್ಟೋ ಮದುಮಕ್ಕಳ ಬೆನ್ನ ಮೇಲೆ ನನ್ನ ಆನೆಗಳಿವೆ. ಆದರೆ ಅವೆಲ್ಲ ನಿಂತ ಆನೆಗಳು. ನಿಂತಲ್ಲೇ ನಿಂತವು. ನಡೆಯುವ ಆನೆ ನೋಡಲು ನಾನು ಸಮುದ್ರ ದಾಟಬೇಕಾಯಿತು.

ಹುಬ್ಬಳ್ಳಿ ಸ್ಟೇಷನ್

ಮೊಮ್ಮಗ ಗುರು ಬೊಂಬಾಯಿಯಲ್ಲಿ ಚಿತ್ರ ಬರೆಯುವುದನ್ನು ಕಲಿತ. ಯುದ್ಧ ಮುಗಿದ ಮೇಲೆ ಹೆಚ್ಚಿನದನ್ನು ಕಲಿಯಲು ಇಂಗ್ಲೆಂಡಿಗೆ ಹೋಗಿ, ಅಲ್ಲಿ ಒಂದು ದೊಡ್ಡ ಸಿನಿಮಾ ಕಂಪನಿಯ ಕಾರ್ಟೂನು ಖಾತೆಯಲ್ಲಿ ಸೇರಿಕೊಂಡ. ಕಾರ್ಟೂನು ಎಂದರೆ ಮನುಷ್ಯರಿಲ್ಲದ ಸಿನಿಮಾ. ಪ್ರಾಣಿ, ಪಕ್ಷಿ, ಗಿಡ, ಮೋಡ ಎಲ್ಲವನ್ನೂ ಕೈಯಿಂದ ಬರೆಯುತ್ತಾರೆ. ಒಂದು ಮೊಲ ಒಂದು ಸಲ ಜಿಗಿಯಬೇಕಾದರೆ ಹತ್ತು ಹನ್ನೆರಡು ಮೊಲ ಬರೆಯಬೇಕು, ಒಂದಕ್ಕಿಂತ ಒಂದು ಎಳ್ಳುಕಾಳಿನಷ್ಟು ಬೇರೆ. ಅವುಗಳನ್ನು ಒಂದಾದ ಮೇಲೊಂದು ಫೋಟೋ ಹಿಡಿದು ಓಡಿಸಿದರೆ ಮೊಲಕ್ಕೆ ಜೀವ ಬರುತ್ತದೆ.

ಮೂರು ವರ್ಷ ಅವನ ಕಾಗದಗಳಲ್ಲಿ ಒಂದೇ ಹಾಡು. ಈ ತಿಂಗಳು ಹೊಗೆ ಬರೆದೆ. ಈ ತಿಂಗಳು ಮಳೆ ಬರೆದೆ. ಈ ತಿಂಗಳು ಮತ್ತೊಬ್ಬರು ಬರೆದ ನರಿಯ ಬಾಲ ಬರೆದೆ. ತನ್ನದೇ ಎನ್ನುವ ಒಂದು ಪ್ರಾಣಿ ಸಿಕ್ಕಿರಲಿಲ್ಲ. ಕೊನೆಗೆ ಒಂದು ಕಾಗದ ಬಂತು: “ಆಯೀ, ನನಗ ಆನಿ ಕೊಟ್ಟಾರ.”

ನಮ್ಮ ಮನೆಯವರು ಕನ್ನಡಕ ಏರಿಸಿ ಇಳಿಸಿ ಎರಡು ಸಲ ಓದಿದರು. “ಕೊಟ್ಟಾರ ಖರೇ, ಮೇವು ಯಾರು ಹಾಕ್ತಾರಂತ ಬರದಿಲ್ಲಲ್ಲ,” ಎಂದರು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ, ಚೇಷ್ಟೆ ಮಾಡಿದರೂ ಮುಖದ ಮೇಲೆ ಒಂದು ಗೆರೆ ಅಲ್ಲಾಡುವುದಿಲ್ಲ.

ಗುರುವಿನ ಹೆಂಡತಿ ಶಾಂತಾ ಗಂಡನ ಕಡೆ ಹೊರಟಳು. ಧಾರವಾಡದ ಹುಡುಗಿ, ಮ್ಯಾಟ್ರಿಕ್ ಪಾಸು, ಇಂಗ್ಲಿಷ್ ಬಲ್ಲವಳು. ಆದರೂ ಹರೆಯದ ಸೊಸೆಯನ್ನು ಒಬ್ಬಳನ್ನೇ ಹಡಗು ಹತ್ತಿಸುವುದು ಹೇಗೆ? ಹಿರಿಯರೊಬ್ಬರು ಜೊತೆಗಿರಬೇಕು ಎಂದರು ಮನೆಯವರೆಲ್ಲ. ನಾನು ಅವರ ಮಾತು ಮುಗಿಯುವ ಮೊದಲೇ ಟ್ರಂಕು ಇಳಿಸಿದ್ದೆ.

ಸ್ಟೇಷನ್ನಿನಲ್ಲಿ ನಮ್ಮ ಮನೆಯವರು ಕಿಟಕಿಯ ಹತ್ತಿರ ಬಂದರು. “ಆನಿ ನೋಡಾಕ ವಿಲಾಯತಿ ತನಕಾ ಹೊಂಟೀದಿ. ನಮ್ಮ ಮಠದ ಆನಿ ಏನ್ ಪಾಪ ಮಾಡಿತ್ತು?”

“ಅದನ್ನ ಸಣ್ಣಾಕಿ ಇದ್ದಾಗಿಂದ ನೋಡೇನ್ರಿ.”

“ಆತು, ಹೋಗಿ ಬಾ. ಹಾದ್ಯಾಗ ಯಾರ ಕೂಡಾನೂ ಜಗಳಾ ತಗೀಬ್ಯಾಡ.”

“ಭಾಷಾ ಬರದ ಊರಾಗ ಜಗಳಾ ಹ್ಯಾಂಗ ತಗೀಬೇಕ್ರಿ?”

“ನಿನಗ ಭಾಷಾ ಬೇಕೇನು?”

ಗಾಡಿ ಹೊರಟಿತು. ಉತ್ತರ ಹೊಳೆದದ್ದು ಅಳ್ನಾವರ ದಾಟಿದ ಮೇಲೆ. ಏನು ಮಾಡುವುದು.

ಹಡಗು

ಹಡಗಿನ ಬಗ್ಗೆ ಓದಿದವರು ಬಹಳ ಬರೆದಿದ್ದಾರಂತೆ. ನನಗೆ ತಿಳಿದದ್ದು ಇಷ್ಟೇ: ಅದು ನಿಲ್ಲುವುದಿಲ್ಲ. ತೊಟ್ಟಿಲು ತೂಗುವವರಿಗೂ ಕೈ ಸೋಲುತ್ತದೆ, ಸಮುದ್ರಕ್ಕೆ ಸೋಲುವುದಿಲ್ಲ. ಮೊದಲ ನಾಲ್ಕು ದಿನ ನಾನು ಶಾಂತಾಳನ್ನು ಕಾಯಲು ಬಂದಿದ್ದೇನೋ, ಶಾಂತಾ ನನ್ನನ್ನು ಕಾಯಲು ಬಂದಿದ್ದಳೋ ಹೇಳುವುದು ಕಷ್ಟ.

ಐದನೆಯ ದಿನ ಎದ್ದು ಕೂತು ಕಸೂತಿ ತೆಗೆದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವ ರೂಢಿಯಿಲ್ಲ. ಎಳೆ ಎಣಿಸಿ ಹಾಕಬೇಕು, ಗಂಟು ಹಾಕಬಾರದು. ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಮುಂದೆ ಹೋಗಬೇಕು. ತುದಿ ಮುಟ್ಟಿದ ಮೇಲೆ ಬಿಟ್ಟ ಜಾಗ ತುಂಬುತ್ತ, ಹೋಗುವಾಗ ಚುಚ್ಚಿದ ತೂತಿನಲ್ಲೇ ಮತ್ತೆ ಸೂಜಿ ಇಳಿಸುತ್ತ, ಹೊರಟಲ್ಲಿಗೇ ಮರಳಬೇಕು. ಹಾಗೆ ಹಾಕಿದರೆ ಹಿಂದೆ ಮುಂದೆ ಒಂದೇ ಕಾಣುತ್ತದೆ. ಇದೆಲ್ಲ ನೆಲದ ಮೇಲೆ ಕೂತವರ ಮಾತು. ಹಡಗು ಎದ್ದಾಗ ಮೂರು ಎಳೆ, ಬಿದ್ದಾಗ ಐದು. ಸಂಜೆಗೆ ಶಾಂತಾ ಸೆರಗು ನೋಡಿ ಕಿಸಕ್ಕನೆ ನಕ್ಕಳು.

“ಆಯೀ, ನಿಮ್ಮ ಆನಿಗೆ ಐದು ಕಾಲು ಬಂದಾವ್ರಿ.”

“ಬರಲಿ ಬಿಡ. ಈ ಹಡಗದಾಗ ನಾಕ ಕಾಲಿನ ಮ್ಯಾಲ ನಿಲ್ಲಾಕ ಆಗತೈತೇನು?”

ಆದರೂ ಮರುದಿನ ಬಿಚ್ಚಿ ಮತ್ತೆ ಹಾಕಿದೆ. ಐದು ಕಾಲಿನ ಆನೆ ಹೊತ್ತು ಮೊಮ್ಮಗನ ಮುಂದೆ ಹೋಗುವುದು ಸರಿಯಲ್ಲ.

ಇಳಿದ ಕಟ್ಟೆ

ಹಡಗು ಇಳಿದಲ್ಲಿ ಒಬ್ಬ ಅಧಿಕಾರಿ ನಮ್ಮ ಟ್ರಂಕು ತೆಗೆಸಿದ. ಜೋಳದ ಹಿಟ್ಟಿಗೆ ಏನೂ ಅನ್ನಲಿಲ್ಲ. ಬೆಲ್ಲ ಮೂಸಿ ಇಟ್ಟ. ಗುರೆಳ್ಳು ಚಟ್ನಿಪುಡಿಯ ಡಬ್ಬಿ ತೆರೆದವನೇ ಎರಡು ಹೆಜ್ಜೆ ಹಿಂದೆ ಸರಿದ. ಕಪ್ಪು ಪುಡಿ ನೋಡಿ ಬಂದೂಕಿನ ಮದ್ದು ಎಂದು ತಿಳಿದನೋ ಏನೋ. ಶಾಂತಾ ಇಂಗ್ಲಿಷಿನಲ್ಲಿ ಹೇಳಿದಳು, ಅವನು ನಂಬಲಿಲ್ಲ. ನಾನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು ಚಪ್ಪರಿಸಿ ತೋರಿಸಿದೆ. ಅವನೂ ತುಸು ಬಾಯಿಗೆ ಹಾಕಿಕೊಂಡ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆಮೇಲೆ ಏನು ಮಾಡಿದ ಗೊತ್ತೇನು? ಪಕ್ಕದ ಮೇಜಿನ ಗೆಳೆಯನನ್ನು ಕರೆದು ಅವನಿಗೂ ತಿನ್ನಿಸಿದ. ಮನುಷ್ಯ ಎಲ್ಲ ಕಡೆಗೂ ಒಂದೇ.

ಕಟಾಂಜನದ ಆಚೆ ಗುರು ನಿಂತಿದ್ದ. ಸೊರಗಿದ್ದ. ಕಾಲಿಗೆ ನಮಸ್ಕಾರ ಮಾಡಿ ಎದ್ದವನ ಮುಖದಲ್ಲಿ ನಗು ಇರಲಿಲ್ಲ.

“ನನ್ನ ಕಾಗದಾ ಮುಟ್ಟಲಿಲ್ಲೇನು, ಆಯಿ?”

“ಯಾವ ಕಾಗದಾ?”

“ಮುಟ್ಟೂದ್ರಾಗ ನೀವು ಹಡಗಾ ಹತ್ತೀರಿ,” ಎಂದು ತಲೆ ತಗ್ಗಿಸಿದ. “ನಮ್ಮ ಖಾತೆ ಮುಚ್ಚಾಕತ್ತಾರ. ಕಂಪನಿಯವರು ಬಾಗಲಿಗೆ ಕಾಗದಾ ಹಚ್ಚ್ಯಾರ. ಈಗ ಕೈಯಾಗಿದ್ದದ್ದ ಕಡೀ ಸಿನಿಮಾ.”

“ನಿನ್ನ ಆನಿ?”

“ಅದರಾಗ ಐತಿ. ಆದ್ರ ನಡೀವಲ್ದು.”

ಅದೇ ಆಗಿತ್ತು ಸಂಗತಿ. ಕಾಡಿನ ಪ್ರಾಣಿಗಳೆಲ್ಲ ಒಂದು ಮದುವೆಗೆ ಹೊರಡುವ ಎಂಟು ನಿಮಿಷದ ಸಿನಿಮಾ ಅದು. ಎಲ್ಲಕ್ಕೂ ಕೊನೆಗೆ ಬರುವ ಅತಿಥಿ ಗುರುವಿನ ಆನೆ. ಗುರು ಮೂರು ಸಲ ಬರೆದಿದ್ದ, ಮೂರು ಸಲವೂ ದೊಡ್ಡ ಸಾಹೇಬರು ಬೇಡವೆಂದಿದ್ದರು. ಗುರುವಾರ ಮುಂಜಾನೆಯೊಳಗೆ ಸರಿಯಾಗದಿದ್ದರೆ ಆನೆಯನ್ನು ಬಿಟ್ಟು, ನರಿ ಬಂದಲ್ಲಿಗೆ ಸಿನಿಮಾ ಮುಗಿಸಿಬಿಡುವುದೆಂದು ತೀರ್ಮಾನ. ಮೂರು ವರ್ಷ ಹೊಗೆ, ಮಳೆ, ಬಾಲ ಬರೆದ ಹುಡುಗ ತನ್ನದೊಂದು ಪ್ರಾಣಿಯನ್ನೂ ಲೋಕಕ್ಕೆ ತೋರಿಸದೆ ಬರಿಗೈಯಲ್ಲಿ ಹುಬ್ಬಳ್ಳಿಗೆ ಬರಬೇಕಿತ್ತು.

ನದಿಯ ಹಳ್ಳಿ

ಆ ದೇಶದ ಜನರ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರೈಲಿನಲ್ಲಿ ಯಾರೂ ಯಾರನ್ನೂ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳುವುದಿಲ್ಲ. ಎದುರು ಕೂತ ಮುದುಕನ ಕಾಲು ನಾನು ತುಳಿದರೆ ತಪ್ಪಾಯಿತೆಂದು ಅವನೇ ಹೇಳಿದ! ನಮ್ಮ ಗಾಡಿಯಲ್ಲಾಗಿದ್ದರೆ ಗದಗ ಬರುವ ತನಕ ಜಗಳ ನಡೆದು, ಇಳಿಯುವಾಗ ಎರಡೂ ಮನೆಯವರು ಬೀಗರಾಗಿರುತ್ತಿದ್ದರು.

ಇನ್ನೊಂದು ಅವರ ಸೂರ್ಯ. ಬೇಸಿಗೆಯಲ್ಲಿ ಅವನು ಮುಳುಗುವುದನ್ನೇ ಮರೆಯುತ್ತಾನೆ. ಹೊತ್ತು ಮುಳುಗಿದ ಮೇಲೆ ದೇವರಿಗೆ ದೀಪ ಹಚ್ಚಿ, ಆಮೇಲೆ ಊಟ ಮಾಡುವವಳು ನಾನು. ಗುರುವಿನ ಮನೆ ನದಿಯ ದಂಡೆಯ ಒಂದು ಹಳ್ಳಿಯಲ್ಲಿತ್ತು. ಮೊದಲ ದಿನ ಅಲ್ಲಿ ಕಿಟಕಿಯ ಮುಂದೆ ಕೂತೆ. ಏಳಾಯಿತು, ಎಂಟಾಯಿತು, ಬಿಸಿಲು ಹಾಗೇ ಇದೆ. ಹೊಟ್ಟೆ ತಾಳ ಹಾಕುತ್ತಿದೆ. “ಆಯೀ, ಇಲ್ಲೆ ಸೂರ್ಯಾನ ಹಾದಿ ಕಾಯಬಾರದು, ಗಡಿಯಾರ ನೋಡಬೇಕು,” ಎಂದ ಗುರು. ದೇವರಿಗೆ ಕೈಮುಗಿದು, ಆ ದೇಶದ ಸೂರ್ಯನನ್ನು ಬೈದು, ಉಂಡು ಮಲಗಿದೆ.

ಕುದುರೆ ಲಾಯ

ಮರುದಿನ ಗುರು ನಮ್ಮನ್ನು ತನ್ನ ಖಾತೆಗೆ ಕರೆದುಕೊಂಡು ಹೋದ. ಅದು ಯಾವನೋ ಸಾಹುಕಾರನ ಹಳೆಯ ಕುದುರೆ ಲಾಯ. ಕುದುರೆ ಕಟ್ಟುವ ಒಂದೊಂದು ಗೂಡಿನಲ್ಲಿ ಒಂದೊಂದು ಮೇಜು, ಮೇಜಿನ ನಡುವೆ ಗಾಜು, ಗಾಜಿನ ಕೆಳಗೆ ವಿದ್ಯುತ್ ದೀಪ. ಗೋಡೆಯಲ್ಲಿ ಕುದುರೆ ಕಟ್ಟುವ ಬಳೆಗಳು ಹಾಗೇ ಇದ್ದವು, ಅವುಗಳಿಗೆ ಕೋಟು ತೂಗುಹಾಕಿದ್ದರು.

ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಮೂಗಿಗೆ ಕರ್ಪೂರದ ವಾಸನೆ ಬಡಿಯಿತು. ಗಮ್ಮೆನ್ನುವ ಕರ್ಪೂರ! ನನಗೆ ಎಷ್ಟು ಸಂತೋಷವಾಯಿತೆಂದರೆ, ಚಪ್ಪಲಿ ಹೊರಗೆ ಬಿಟ್ಟೆ, ಸೆರಗು ತಲೆಯ ಮೇಲೆ ಹೊದ್ದೆ. ನಮ್ಮ ಮನೆಯವರು ವರ್ಕ್‌ಶಾಪಿನಲ್ಲಿ ವರ್ಷಕ್ಕೊಮ್ಮೆ ಯಂತ್ರಗಳಿಗೆ ಪೂಜೆ ಮಾಡುತ್ತಿದ್ದರು, ಕಾಯಿ ಒಡೆದು ಊದಿನಕಡ್ಡಿ ಹಚ್ಚುತ್ತಿದ್ದರು. ಇವರೂ ದುಡಿಯುವ ಜಾಗಕ್ಕೆ ಪೂಜೆ ಮಾಡುವ ಜನ, ಒಳ್ಳೆಯ ಜನ ಎಂದುಕೊಂಡೆ. ಕೈಚೀಲದಲ್ಲಿ ಊದಿನಕಡ್ಡಿ ಇದ್ದವು. ಎರಡು ತೆಗೆದೆ. ಕಡ್ಡಿಪೆಟ್ಟಿಗೆ ತೆಗೆದು ಒಂದು ಕಡ್ಡಿ ಗೀರಿದೆ.

ಯವ್ವಾ! ನಾಲ್ಕೂ ಕಡೆಯಿಂದ ಕೂಗಿದರು. ಮೇಜು ಹಾರಿ ಒಬ್ಬ ಬಂದ, ಕುರ್ಚಿ ಕೆಡವಿ ಒಬ್ಬಳು ಬಂದಳು. ಗುರು ನನ್ನ ಕೈಯನ್ನೇ ತನ್ನ ಅಂಗೈಯಲ್ಲಿ ಮುಚ್ಚಿ ಕಡ್ಡಿ ಆರಿಸಿದ. ಅಷ್ಟರಲ್ಲಿ ಬಿಳಿ ಮೀಸೆಯ ಒಬ್ಬ ಮುದುಕ ಕೆಂಪು ಬಕೀಟು ಹಿಡಿದು ಓಡಿ ಬಂದು, ಒಂದು ಬಕೀಟು ಉಸುಕನ್ನು ನನ್ನ ಪಾದದ ಮೇಲೆ ಸುರಿದುಬಿಟ್ಟ.

ಆ ಕರ್ಪೂರದ ವಾಸನೆ ಪೂಜೆಯದಲ್ಲ. ಚಿತ್ರ ಬರೆಯುವ ಗಾಜಿನಂಥ ತೆಳುವಾದ ಹಾಳೆಯದು. ಸೆಲ್ಯುಲಾಯ್ಡ್ ಎನ್ನುತ್ತಾರೆ, ಅದರಲ್ಲಿ ಖರೆ ಖರೆ ಕರ್ಪೂರ ಇರುತ್ತದಂತೆ. ಕಿಡಿ ತಾಗಿದರೆ ಸಾಕು, ಲಾಯವೆಲ್ಲ ಭುಗ್ಗೆಂದು ಹೋಗುತ್ತದೆ. ಮುಚ್ಚಲಿರುವ ಖಾತೆಯನ್ನು ನಾನು ಎರಡು ವಾರ ಮೊದಲೇ ಮುಗಿಸುತ್ತಿದ್ದೆ!

ಉಸುಕಿನ ಮುದುಕನ ಹೆಸರು ಟಾಮ್, ಬೆಂಕಿಯ ಕಾವಲುಗಾರ. ಕೈ ಚಾಚಿ ನಿಂತ. ನಾನು ಕಡ್ಡಿಪೆಟ್ಟಿಗೆ ಕೊಟ್ಟೆ. ಕಿಸೆಯಲ್ಲಿ ಹಾಕಿ ಗುಂಡಿ ಹಾಕಿಕೊಂಡ. ಅಂದಿನಿಂದ ನಾನು ಬಾಗಿಲಿಗೆ ಬಂದರೆ ಸಾಕು, ತನ್ನ ಕಿಸೆ ತಟ್ಟಿ ತೋರಿಸುತ್ತಿದ್ದ, ಇಲ್ಲೇ ಇದೆ ಎಂದು.

ಲಾಯದ ಹಿಂದಿನ ಬೆಂಚು

ಆ ಕುರ್ಚಿ ಕೆಡವಿ ಓಡಿ ಬಂದವಳು ಐವಿ. ನಲವತ್ತರ ಹತ್ತಿರದ ಹೆಣ್ಣುಮಗಳು, ಬಣ್ಣದ ಕೋಣೆಯ ಯಜಮಾನಿ. ನನಗೆ ಗಾಬರಿಯಾಗಿದೆ ಎಂದು ಹೊರಗೆ ಕರೆತಂದು ಚಹಾ ಕೊಟ್ಟಳು. ಸಕ್ಕರೆ ಅವರಿಗೆ ರೇಷನ್ನಿನದು, ತನ್ನ ಪಾಲಿನದನ್ನು ನನಗೆ ಹಾಕಿದಳು. ಶಾಂತಾ ನಡುವೆ ಕೂತು ಅವಳ ಇಂಗ್ಲಿಷನ್ನು ನಮ್ಮ ಮಾತಿಗೆ ಇಳಿಸುತ್ತ ಹೋದಳು. ಹೀಗೆ ಶಾಂತಾಳ ಬಾಯಲ್ಲಿ ಐವಿಯೂ ಧಾರವಾಡದವಳೇ ಆದಳು.

“ನಮ್ಮ ಖಾತೆ ಹುಟ್ಟಿದ್ದು ಒಂದು ಇಲಿಯಿಂದ್ರಿ, ಆಯಿ,” ಎಂದಳು.

ದೊಡ್ಡ ಸಾಹೇಬರ ಹೆಸರು ಪೆಲ್. ಯುದ್ಧಕ್ಕೂ ಮೊದಲು ಅವರು ಕಂಪನಿಯಲ್ಲಿ ಸಿನಿಮಾದ ಮೊದಲಿಗೆ ಬರುವ ಹೆಸರುಗಳನ್ನು ಬರೆಯುತ್ತಿದ್ದರು. ಅದೇ ಅಕ್ಷರ ಬರೆದು ಬರೆದು ಬೇಜಾರಾಗಿ, ಒಂದು ಸಲ ಅಕ್ಷರಗಳ ಮೇಲೆ ಒಂದು ಇಲಿ ಓಡಿ ಹೋಗುವಂತೆ ಮಾಡಿದರು. ಯಾರನ್ನೂ ಕೇಳಿರಲಿಲ್ಲ. ಮಾಲೀಕರು ಸಿಟ್ಟಾದರು. ಆದರೆ ಥೇಟರಿನಲ್ಲಿ ಜನ ಇಲಿಗೆ ನಕ್ಕಷ್ಟು ಇಡೀ ಸಿನಿಮಾಕ್ಕೆ ನಗಲಿಲ್ಲ! ಮಾಲೀಕರು ಸಿಟ್ಟು ನುಂಗಿ, ಪಾವಟಿಗೆಯ ಕೆಳಗಿನ ಒಂದು ಕೋಣೆ, ಇಬ್ಬರು ಹುಡುಗಿಯರನ್ನು ಕೊಟ್ಟರು. ಆ ಇಬ್ಬರಲ್ಲಿ ಒಬ್ಬಳು ಐವಿ.

ಆಮೇಲೆ ಯುದ್ಧ ಬಂತು. ಶಹರದ ಮೇಲೆ ಬಾಂಬು ಬೀಳತೊಡಗಿದಾಗ ಇವರನ್ನು ಈ ಹಳ್ಳಿಗೆ ಕಳಿಸಿದರು. ಸೈನಿಕರಿಗೆ ಪಾಠ ಕಲಿಸುವ ಚಿತ್ರಗಳ ಕೆಲಸ. ಬಂದೂಕಿಗೆ ಎಣ್ಣೆ ಹೇಗೆ ಹಾಕಬೇಕು, ಕಾಲು ಹೇಗೆ ತೊಳೆಯಬೇಕು. “ನಾ ಎರಡು ವರ್ಷ ಹೇನು ಬಣ್ಣ ಮಾಡೇನ್ರಿ,” ಎಂದಳು ಐವಿ. “ಕನಸಿನ್ಯಾಗೂ ಹೇನು.” ಯುದ್ಧ ಮುಗಿದಾಗ ಮಾಲೀಕರಿಗೆ ಹುರುಪು ಬಂತು, ಅಮೇರಿಕದವರಂತೆ ನಾವೂ ಕಥೆ ಮಾಡೋಣ ಎಂದರು. ಲಾಯದ ಗೂಡುಗಳೆಲ್ಲ ತುಂಬಿದವು. ಮೊಲ, ಬಾತುಕೋಳಿ, ಮುಳ್ಳುಹಂದಿ. ಎಂಟು ನಿಮಿಷದ ನಗುವಿಗೆ ಆರೆಂಟು ತಿಂಗಳ ದುಡಿತ. ಆದರೆ ಥೇಟರಿನವರಿಗೆ ಅಮೇರಿಕದ ಚಿತ್ರಗಳೇ ರುಚಿ. ಕಂಪನಿಯ ಮನುಷ್ಯರ ಸಿನಿಮಾಗಳೂ ಬಿದ್ದವು. ಮನೆ ಸಣ್ಣದಾಗುವಾಗ ಮೊದಲು ತೊಟ್ಟಿಲು ಅಟ್ಟಕ್ಕೆ ಹೋಗುತ್ತದಲ್ಲ, ಹಾಗೆ ಮೊದಲು ಈ ಖಾತೆಗೇ ಕುತ್ತು ಬಂತು.

ಅವಳ ಕೆಲಸವನ್ನೂ ತೋರಿಸಿದಳು. ಗಾಜಿನಂಥ ಹಾಳೆಯ ಮುಂದಿನ ಮೈಗೆ ಮಸಿಯ ಗೆರೆ, ಹಿಂದಿನ ಮೈಗೆ ಬಣ್ಣ. ಹಿಂದೆ ಮುಂದೆ ಎರಡೂ ನೋಡಿ ಮಾಡುವ ಕೆಲಸ! ನಾನು ನನ್ನ ಸೆರಗು ತಿರುವಿ ತೋರಿಸಿದೆ, ಎರಡೂ ಕಡೆ ಒಂದೇ ಆನೆ. ಅವಳು ಗಂಟು ಹುಡುಕಿದಳು. ಮತ್ತೆ ಹುಡುಕಿದಳು. ಸಿಗಲಿಲ್ಲ. ಅಲ್ಲಿಂದ ನಮಗೆ ಶಾಂತಾಳ ಇಂಗ್ಲಿಷು ಅಷ್ಟಾಗಿ ಬೇಕಾಗಲಿಲ್ಲ.

“ಸಿನಿಮಾ ಮುಗಿದ ಮ್ಯಾಲ ಈ ಹಾಳಿ ಏನು ಮಾಡ್ತೀರಿ?” ಎಂದು ಕೇಳಿದೆ.

“ತೊಳೀತೇವ್ರಿ. ತೊಳದು ಮುಂದಿನ ಸಿನಿಮಾಕ್ಕ ಬಳಸ್ತೇವಿ.”

ಮುಂಜಾನೆ ಹಾಕಿದ ರಂಗೋಲಿ ಮರುದಿನ ಗುಡಿಸಿ ಹೋಗುವಂತೆ. ನನಗೆ ವಿಚಿತ್ರವೆನಿಸಲಿಲ್ಲ.

ಬುಧವಾರ

ಮಂಗಳವಾರ ಗುರು ಮನೆಗೆ ಬಂದು ಉಣ್ಣಲಿಲ್ಲ. ಬುಧವಾರ ಮುಂಜಾನೆ ನಾನು, ಶಾಂತಾ ಬುತ್ತಿ ಕಟ್ಟಿಕೊಂಡು ಲಾಯಕ್ಕೆ ಹೋದೆವು. ಪೆಲ್ ಸಾಹೇಬರು ಗುರುವಿನ ಮೇಜಿನ ಹತ್ತಿರ ನಿಂತು ಹಾಳೆಗಳನ್ನು ಹೆಬ್ಬೆರಳಿನಿಂದ ಪಟಪಟನೆ ಬಿಡುತ್ತಿದ್ದರು. ಹಾಗೆ ಬಿಟ್ಟರೆ ಆನೆ ನಡೆದಂತೆ ಕಾಣುತ್ತದೆ. ಉದ್ದನೆಯ ಮನುಷ್ಯ, ಜೋಲು ಮೋರೆ. ಏನೋ ಹೇಳಿ ನಿಟ್ಟುಸಿರು ಬಿಟ್ಟರು.

“ಏನಂದ್ರೋ?”

ಗುರು ಅಳುವ ಹಾಗಿದ್ದ. “ಆನಿ ಚರ್ಮಾ ಹೊತ್ತ ಕುದುರಿ ಐತಿ ಇದು, ಅಂದ್ರು.”

“ಕುದುರಿ ಲಾಯದಾಗ ಹುಟ್ಟಿದ ಆನಿ ಕುದುರಿಗತೆ ನಡೀದ ಮತ್ತ್ಹ್ಯಾಂಗ ನಡೀಬೇಕು?” ಎಂದು ನಾನು ನಗಿಸಲು ನೋಡಿದೆ. ಯಾರೂ ನಗಲಿಲ್ಲ. “ತಗೊಂಬಾ ಇಲ್ಲೆ, ನನಗೂ ತೋರಸು.”

ಹಾಳೆ ಬಿಟ್ಟು ತೋರಿಸಿದ. ಆನೆ ಚಂದ ಇತ್ತು, ಕಿವಿ ಚಂದ, ಕಣ್ಣು ಚಂದ. ಆದರೆ ಮುಂಗಾಲು ಒಂದು ಕಡೆ ಬೀಳುತ್ತಿತ್ತು, ಹಿಂಗಾಲು ಅದಕ್ಕಿಂತ ಹಿಂದೆ, ಬೇರೆಯೇ ಜಾಗದಲ್ಲಿ ಬೀಳುತ್ತಿತ್ತು. ಟಕಟಕ ಟಕಟಕ. ನನಗೆ ಒಮ್ಮೆಲೇ ನಮ್ಮ ಓಣಿ ನೆನಪಾಯಿತು. ಮಳೆಯಾದ ಮೇಲೆ ಎರೆಮಣ್ಣಿನಲ್ಲಿ ಮಠದ ಆನೆ ಹಾದು ಹೋದರೆ ನಾವು ಹುಡುಗಿಯರು ಹಿಂದೆ ಓಡಿ ಅದರ ಹೆಜ್ಜೆಯ ಗುಂಡಿಯಲ್ಲಿ ಕಾಲಿಟ್ಟು ಆಡುತ್ತಿದ್ದೆವು. ನಾಲ್ಕು ಕಾಲಿನ ಪ್ರಾಣಿ, ಆದರೆ ಕೆಸರಿನಲ್ಲಿ ಎರಡೇ ಕಾಲಿನ ಗುರುತು!

“ಗುರೂ, ನೀ ಆನಿ ಹೆಜ್ಜಿ ನೋಡಿಲ್ಲೇನೋ?”

“ನಾ ಪುಸ್ತಕದಾಗಿನ ಕುದುರಿ ಕಾಲು ನೋಡಿ ಬರದೇನಿ.”

“ಅದಕ್ಕಽ! ಮುಂಗಾಲು ಎತ್ತಿದ ಗುಂಡ್ಯಾಗ ಹಿಂಗಾಲು ಇಡತೈತೋ ಅದು. ಬ್ಯಾರೆ ಜಾಗಾ ಹುಡುಕೂದಿಲ್ಲ. ನಾ ಕಸೂತಿ ಹಾಕೂವಾಗ ಹೋದ ತೂತಿನ್ಯಾಗ ಮರಳಿ ಸೂಜಿ ಹಾಕೂದಿಲ್ಲೇನು, ಹಂಗ.”

ಗುರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬರು ನನ್ನನ್ನು ನೋಡಿದರು, ಹುಬ್ಬು ಗಂಟು ಹಾಕಿದರು. ಬಾಯಿಂದ ಹೇಳಿದರೆ ಆಗುವುದಿಲ್ಲ ಎಂದು ನನಗೆ ತಿಳಿಯಿತು. ಕಚ್ಚೆ ಬಿಗಿದೆ. ಟಾಮನ ಕಡೆ ತಿರುಗಿ, “ಯಪ್ಪಾ, ಆವತ್ತ ನನ್ನ ಕಾಲಮ್ಯಾಲ ಸುರದಿದ್ದಿಯಲ್ಲ, ಆ ಉಸುಕು ತಾ,” ಎಂದೆ. ಅವನಿಗೆ ಕನ್ನಡ ಬರುವುದಿಲ್ಲ. ಆದರೆ ನಾನು ಪಾದ ತೋರಿಸಿದ ಕೂಡಲೇ ತಿಳಿದು ಮೂರು ಬಕೀಟು ತಂದ.

ಲಾಯದ ನಡುವೆ ಉಸುಕು ಹರಡಿದೆವು. ನಾನು ಮುಂಗಾಲು. ಐವಿ ನನ್ನ ಸೊಂಟ ಹಿಡಿದು ಬಗ್ಗಿದಳು, ಅವಳು ಹಿಂಗಾಲು. ಅವಳೂ ಬೂಟು ಕಳಚಿದಳು. “ನಾ ಕಾಲಿಟ್ಟಲ್ಲೇ ಇಡು,” ಎಂದೆ. ಒಂದು ಹೆಜ್ಜೆ ಇಟ್ಟೆವು. ಎರಡನೆಯದಕ್ಕೆ ನಾನು ಕಾಲೆತ್ತುವುದು ತಡವಾಯಿತು, ಅವಳು ನನ್ನ ಹಿಮ್ಮಡಿ ತುಳಿದಳು, ಆನೆಯ ಮುಂದಿನ ಭಾಗ, ಹಿಂದಿನ ಭಾಗ ಎರಡೂ ಉಸುಕಿನಲ್ಲಿ ಬೋರಲು! ಶಾಂತಾ “ಅಯ್ಯೋ ಆಯೀ” ಎಂದು ಓಡಿ ಬಂದಳು, ಆದರೆ ನಗು ತಡೆಯಲಾರದೆ ಅವಳೂ ಕೂತುಬಿಟ್ಟಳು.

“ಏಳಬ್ಯಾಡ್ರಿ!” ಎಂದು ಗುರು ಕೂಗಿದ. ಅವನ ಕಣ್ಣು ಹೊಳೆಯುತ್ತಿದ್ದವು. “ತಿಳೀತು, ಆಯೀ. ಹಿಂಗಾಲು ಬಂದ ಇನ್ನೇನು ಮುಟ್ಟತೈತಿ ಅನ್ನೂದ್ರಾಗ ಮುಂಗಾಲು ಏಳಬೇಕು. ಮೊದಲ ಎದ್ದರ ಕುದುರಿ, ತಡಾ ಆದ್ರ ನೀವು!”

ಆಮೇಲೆ ಹತ್ತು ಸಲ ನಡೆದೆವು, ಬೀಳಲಿಲ್ಲ. ಸಾಹೇಬರು ಮೊಣಕಾಲೂರಿ ಉಸುಕಿನ ಗುರುತು ನೋಡುತ್ತಿದ್ದರು. ಗುರು ಬರೆಯುತ್ತಲೇ ಇದ್ದ. ಮಧ್ಯಾಹ್ನಕ್ಕೆ ಮುಗಿಯಿತು. ಪೆಲ್ ಸಾಹೇಬರು ಹಾಳೆಗಳನ್ನು ಪಟಪಟನೆ ಬಿಟ್ಟರು, ಮತ್ತೊಮ್ಮೆ ಬಿಟ್ಟರು. ಹಾಳೆಗಳನ್ನು ತಾವೇ ಎತ್ತಿಕೊಂಡು ಐವಿಯ ಬಣ್ಣದ ಕೋಣೆಗೆ ನಡೆದರು. ಅಷ್ಟೇ ಸಾಕಾಯಿತು. ಗುರು ನನ್ನನ್ನು ಎತ್ತಿ ಗಿರ್ರೆಂದು ತಿರುಗಿಸಿದ. ಮುದುಕಿಯನ್ನು ಹಾಗೆ ತಿರುಗಿಸಬಾರದು, ಹಡಗು ನೆನಪಾಗುತ್ತದೆ.

ಕೊನೆಯ ದಿನ

ಮುಂದಿನ ವಾರ, ಬಾಗಿಲು ಹಾಕುವ ದಿನ, ಲಾಯದ ಗೋಡೆಗೆ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸಿದರು. ಉಳಿದಿದ್ದ ಇಪ್ಪತ್ತು ಜನ ಮತ್ತು ನಾವು. ಮೊಲ ಬಂತು, ಬಾತುಕೋಳಿ ಬಂತು, ನರಿ ಬಂತು. ಆಮೇಲೆ ಪರದೆಯ ತುದಿಯಿಂದ ಮೊದಲು ಸೊಂಡಿಲು. ಮುಂದಿನದನ್ನು ಮೊದಲೇ ಹೇಳಿದ್ದೇನೆ, ಟೋಪಿ, ಸೀಟಿ ಎಲ್ಲ. ಟೋಪಿ ಹಾರಿಸಿದವರು ಆ ಜೋಲು ಮೋರೆಯ ಪೆಲ್ ಸಾಹೇಬರೇ.

ಆದರೆ ಒಂದು ಮಾತು ನನಗೆ ಸರಿಬೀಳಲಿಲ್ಲ. ಆನೆ ಬಾಗಿಲಿಗೆ ಬಂದು ನಮಸ್ಕಾರ ಮಾಡಿದ ಕೂಡಲೇ ಸಿನಿಮಾ ಮುಗಿಯಿತು.

“ಊಟಾ ಎಲ್ಲಿ?” ಎಂದೆ.

“ಊಟದ ಚಿತ್ರ ಬರ್ಯಾಕ ವ್ಯಾಳ್ಯಾ ಸಾಲಲಿಲ್ಲ, ಆಯಿ,” ಎಂದ ಗುರು.

“ಮದುವಿಗೆ ಕರದು ಅಷ್ಟು ದೂರದಿಂದ ನಡಿಸಿ, ಬಾಗಲದಾಗಿಂದ ಕಳಿಸೂದೇನು? ಕೇಳು ಅವರನ್ನ. ಇವತ್ತ ಸಂಜಿಗೆ ಎಲ್ಲಾರೂ ಇಲ್ಲೇ ಉಣಬೇಕು.”

ಕೇಳಿದ. ಯಾರೂ ಬೇಡವೆನ್ನಲಿಲ್ಲ. ಒಬ್ಬೊಬ್ಬರೂ ಮನೆಗೆ ಓಡಿ ರೇಷನ್ನಿನ ಬೆಣ್ಣೆಯನ್ನು ಕಾಗದದಲ್ಲಿ ಕಟ್ಟಿ ತಂದರು, ಕೆಲವರದು ನಿಂಬೆಹಣ್ಣಿನಷ್ಟು, ಕೆಲವರದು ಅಡಕೆಯಷ್ಟು. ಶಾಂತಾ ಎಲ್ಲ ಕೂಡಿಸಿ ತುಪ್ಪ ಕಾಸಿದಳು. ಟಾಮ್ ತನ್ನ ಹಿತ್ತಲಿನ ಬಟಾಟೆ, ಉಳ್ಳಾಗಡ್ಡಿ, ಎಲೆಕೋಸು ತಂದ. ನಾನು ಊರಿಂದ ತಂದ ಕಡಲೆಬೇಳೆ, ಬೆಲ್ಲವೆಲ್ಲ ಹೂರಣವಾಯಿತು. ಐವಿ ಬಣ್ಣದ ಖಾಲಿ ಬಾಟಲಿ ತೊಳೆದು ಕೊಟ್ಟಳು, ಅದೇ ಲಟ್ಟಣಿಗೆ. ಚಿತ್ರದ ಹಲಗೆಯ ಮೇಲೆ ರೊಟ್ಟಿ ಬಡಿದೆವು.

ಲಾಯದಿಂದ ದೂರ, ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಾಗ ಟಾಮ್ ಬಂದ. ನೆಟ್ಟಗೆ ನಿಂತು, ಕಿಸೆಯ ಗುಂಡಿ ಬಿಚ್ಚಿ, ನನ್ನ ಕಡ್ಡಿಪೆಟ್ಟಿಗೆ ತೆಗೆದು ಎರಡೂ ಕೈಯಿಂದ ನನಗೆ ಕೊಟ್ಟ. ಮರೆಯಲಿಲ್ಲ ಪುಣ್ಯಾತ್ಮ, ಉಸುಕಿನ ಬಕೀಟೂ ಪಕ್ಕದಲ್ಲಿಟ್ಟುಕೊಂಡೇ ನಿಂತ.

ಲಾಯದ ನಡುವೆ ಉದ್ದಕ್ಕೆ ಪಂಕ್ತಿ ಹಾಕಿದೆವು. ಬಾಳೆಎಲೆ ಎಲ್ಲಿಂದ ತರುವುದು? ಬಣ್ಣ ಕಾಣದ ದಪ್ಪ ಕಾಗದದ ಹಾಳೆಗಳು ರಾಶಿ ಇದ್ದವು, ಅವುಗಳನ್ನೇ ಹಾಸಿದೆವು. ಮುಂದಿನ ಸಿನಿಮಾ ಇಲ್ಲದ್ದರಿಂದ ಆ ಸಲ ಆನೆಯ ಹಾಳೆಗಳನ್ನೂ ತೊಳೆಯಲಿಲ್ಲ. ಐವಿ ನೆನಪಿಗೆಂದು ಒಬ್ಬೊಬ್ಬರಿಗೆ ಒಂದೊಂದು ಹಂಚಿದಳು. ಹಿಂಗಾಲು ಗುಂಡಿಗೆ ಇಳಿಯುವ ಹಾಳೆ ನನಗೆ.

ನೆಲದ ಮೇಲೆ ಮಡಚಿ ಕೂರಲು ಪೆಲ್ ಸಾಹೇಬರ ಉದ್ದ ಕಾಲುಗಳಿಗೆ ಬರಲಿಲ್ಲ, ಒಂದನ್ನು ಕುದುರೆಯ ಗೂಡಿನೊಳಗೆ ಚಾಚಿದರು. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟ ಮೇಲೆ ಅವರು ಬೆರಳುಗಳನ್ನೂ ನೆಕ್ಕಿದರು. ಟಾಮ್ ಗುರೆಳ್ಳು ಚಟ್ನಿ ತಿಂದು ತನ್ನ ಬಕೀಟಿನ ಕಡೆ ನೋಡಿದ. ನನ್ನನ್ನೂ ಎಳೆದು ಗುರು ಮತ್ತು ಐವಿಯ ನಡುವೆ ಕೂರಿಸಿದರು. ಶಾಂತಾ ತನ್ನ ಹಾಳೆಯನ್ನು ಬಾಗಿಲ ಹತ್ತಿರ ಹಾಸಿಕೊಂಡು, ಉಣ್ಣುತ್ತಲೇ ನೀಡುತ್ತಿದ್ದಳು.

ಒಬ್ಬ ಹುಡುಗಿ ಉಂಡು ಏಳಲು ಹೋದಳು. ಗುರು ತಡೆದ. ನಮ್ಮ ಪಂಕ್ತಿಯ ಪದ್ಧತಿ ಹೇಳಿದ: ಎಲ್ಲರೂ ಮುಗಿಸುವ ತನಕ ಯಾರೂ ಏಳಬಾರದು.

ಆ ಮಾತು ಪಂಕ್ತಿಯ ಉದ್ದಕ್ಕೂ ಹೋಯಿತು. ಏಳಲು ಹೋದ ಹುಡುಗಿ ಮತ್ತೆ ಕೂತಳು. ಎದ್ದರೆ ಕೈ ತೊಳೆಯುವುದು, ಕೋಟು ಹಾಕಿಕೊಳ್ಳುವುದು, ಕೊನೆಗೆ ಲಾಯಕ್ಕೆ ಕೀಲಿ ಹಾಕುವುದು. ಐವಿ ತನ್ನ ಖಾಲಿ ಹಾಳೆ ನೋಡಿದಳು, ಬಾಗಿಲಿಗೆ ಹಚ್ಚಿದ ಕಂಪನಿಯ ಕಾಗದ ನೋಡಿದಳು. ಆಮೇಲೆ ಒಂದು ಬೆರಳು ಎತ್ತಿದಳು. ಊಟ ಶುರುವಾದಾಗಿನಿಂದ ಶಾಂತಾ “ಅರ್ಧಾ ನೀಡ್ಲೇನ್ರಿ?” ಎನ್ನುವುದನ್ನು ಕೇಳಿ ಕೇಳಿ ಕಲಿತಿದ್ದಳು.

“ಅರ್ಧಾ ನೀಡ್ರಿ,” ಎಂದಳು.

ಅರ್ಧ ರೊಟ್ಟಿ ಬಿತ್ತು. ಅವಳು ತಿನ್ನುವಷ್ಟರಲ್ಲಿ ಟಾಮ್ ಬೆರಳೆತ್ತಿದ, “ಅರ್ಧಾ.” ಅವನದು ಮುಗಿಯುವಷ್ಟರಲ್ಲಿ ಆಚೆಯ ಹುಡುಗಿ. ಅವಳದಾದ ಮೇಲೆ ಪೆಲ್ ಸಾಹೇಬರು, ತುಪ್ಪದ ಕೈಯನ್ನೇ ಮೇಲೆತ್ತಿ, “ಅರ್ಧಾ!” ಪಂಕ್ತಿ ಒಂದು ಸುತ್ತು ಮುಗಿದು ಮತ್ತೆ ಐವಿಗೆ ಬಂತು. ನಗು ಶುರುವಾಯಿತು. ಶಾಂತಾ ಹಿಟ್ಟಿನ ಡಬ್ಬಿಯ ತಳ ಕೆರೆಯುತ್ತಿದ್ದಳು. ಕಿಟಕಿಯಲ್ಲಿ ಬಿಸಿಲು ಹಾಗೇ ಇತ್ತು, ಆ ದಿನ ಮಾತ್ರ ಅವರ ಸೂರ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಹೊಟ್ಟೆ ಬಿರಿಯುವಂತೆ ತುಂಬಿತ್ತು. ಆದರೂ ಸರದಿ ನನ್ನ ಹತ್ತಿರ ಬಂದಿತ್ತಲ್ಲ, ನಾನೂ ಬೆರಳೆತ್ತಿದೆ.

“ಶಾಂತವ್ವಾ, ನನಗೂ ಅರ್ಧಾ.”